ರಟ್ಟಿನ ಜೈಲು

"ಇಷ್ಟು ತಡ ಮಾಡೋದಾ?" ಎನ್ನುತ್ತಲೇ ಶಿಕ್ಷಕಿ ಬಾಗಿಲಲ್ಲಿ ನಿಂತಿದ್ದ ಮುದುಕರ ಮೊಣಕೈ ಹಿಡಿದು ತರಗತಿಯೊಳಕ್ಕೆ ಎಳೆದುಕೊಂಡಳು.

"ನಾನು ಮಗು ವಿಷಯ ಹೇಳೋಕೆ..."

"ಒಂದು ಮಗು ಅಲ್ಲ, ಒಂದು ಹಿಂಡೇ ಕಾಯ್ತಿದೆ. ಮೀಸೆ ಎಲ್ಲಿ?"

"ಮೀಸೆ?"

"ನಾಯಕರಿಗೆ ಮೀಸೆ ಇರ್ಲಿಲ್ವಾ? ನಿಮ್ಮ ನಾಟಕ ಕಂಪನಿಗೆ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆ."

ಮುದುಕರು ಬಾಯಿ ತೆರೆದರು. ತೆರೆದ ಬಾಯಿಯ ಮೇಲೆ ಶಿಕ್ಷಕಿ ಹತ್ತಿಯ ಮೀಸೆ ಅಂಟಿಸಿಬಿಟ್ಟಳು.

ಅವಳ ಅವಸರಕ್ಕೂ ಕಾರಣವಿತ್ತು. ಹೋದ ವಾರ, ದೇಶಕ್ಕಾಗಿ ಹೋರಾಡಿ ಜೈಲು ಸೇರಿದ್ದ ನಾಯಕರ ಪಾಠ ಮಾಡಿ, ಅವರ ಚಿತ್ರ ಬರೆಯಿರಿ ಎಂದದ್ದಕ್ಕೆ ಅರ್ಧ ತರಗತಿ ಅವರಿಗೆ ರೆಕ್ಕೆ ಬರೆದಿತ್ತು, ಇನ್ನರ್ಧ ಬಂದೂಕು. ಮುಖ್ಯೋಪಾಧ್ಯಾಯಿನಿ ನೋಡಿ, "ಚಟುವಟಿಕೆ ಗಿಟುವಟಿಕೆ ಸಾಕು. ಬಾಯಿಪಾಠ ಮಾಡಿಸಿ" ಎಂದಿದ್ದರು. ನಾಯಕರ ವೇಷದ ನಟನಿಗೆ ಮಕ್ಕಳೇ ಪ್ರಶ್ನೆ ಕೇಳುವ ಈ ಚಟುವಟಿಕೆ ಅವಳು ಕಾಡಿ ಬೇಡಿ ಪಡೆದ ಕೊನೆಯ ಅವಕಾಶ. ಮುಖ್ಯೋಪಾಧ್ಯಾಯಿನಿ ಆಗಲೇ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದರು, ತಪ್ಪು ಹುಡುಕಲೆಂದೇ ಬಂದವರ ಹಾಗೆ.

ತರಗತಿಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಕಟ್ಟಿದ ಜೈಲಿತ್ತು. ಸರಳುಗಳಿಗೆ ಮಕ್ಕಳೇ ಕಪ್ಪು ಬಣ್ಣ ಬಳಿದಿದ್ದರು. ಅದನ್ನು ಕಂಡು ಮುದುಕರು ಅದರ ಬಾಗಿಲ ಪಕ್ಕ ಹೋಗಿ ನೆಟ್ಟಗೆ ನಿಂತರು.

"ಅಲ್ಲಲ್ಲ, ಒಳಗೆ," ಎಂದಳು ಶಿಕ್ಷಕಿ.

"ಒಳಗಾ? ನಾನಾ?"

"ಮತ್ತೆ ಇನ್ಯಾರು, ನಾನಾ?"

ಮಕ್ಕಳು ಗೊಳ್ಳೆಂದವು. ಮುದುಕರು ಬಗ್ಗಿ ಒಳಗೆ ಹೋಗಿ ಕುಳಿತರು. ನಾಲ್ಕೂ ಕಡೆ ನೋಡಿ, "ಇಷ್ಟು ಇಕ್ಕಟ್ಟಾ!" ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ತರಗತಿಯಲ್ಲಿ ಎಲ್ಲರಿಗಿಂತ ದಪ್ಪಗಿದ್ದ ಗುಂಡನಿಗೆ ಕಾವಲುಗಾರನ ಟೋಪಿ ಸಿಕ್ಕಿತ್ತು. ಅವನು ಹೆಮ್ಮೆಯಿಂದ ರಟ್ಟಿನ ಬೀಗ ಹಾಕಿದ. ಪ್ರಶ್ನೆಗಳು ಶುರುವಾದವು.

ಮುಂದಿನ ಹಲ್ಲು ಬಿದ್ದಿದ್ದ ಹುಡುಗಿ ಎದ್ದಳು. "ಜೈಲಲ್ಲಿ ನೀವು ಏನು ಮಾಡ್ತಿದ್ರಿ?"

"ಅವರು ಹಾಡ್ತಿದ್ರು," ಎಂದರು ಮುದುಕರು.

"'ನಾನು' ಅನ್ನಿ," ಎಂದು ಶಿಕ್ಷಕಿ ಪಿಸುಗುಟ್ಟಿದಳು.

"ನಾನು... ಹಾಡ್ತಿದ್ದೆ. ದೇಶ ಕಟ್ಟೋದು ಬರ್ತಿತ್ತು, ಹಾಡೋದು ಬರ್ತಿರ್ಲಿಲ್ಲ. ಆಚೆ ಇದ್ದವರು ಕಿವಿ ಮುಚ್ಕೊಳ್ಳೋರು."

"ಭಯ ಆಗ್ತಿತ್ತಾ?"

"ಜಿರಳೆ ಕಂಡ್ರೆ. ಮಂಚ ಹತ್ತಿ ನಿಂತು ಕೂಗ್ತಿದ್ರು... ಕೂಗ್ತಿದ್ದೆ."

"ಅತ್ತಿದ್ರಾ?"

ಶಿಕ್ಷಕಿ ಇಲ್ಲವೆನ್ನುವಂತೆ ಜೋರಾಗಿ ತಲೆಯಾಡಿಸಿದಳು. ಪುಸ್ತಕದಲ್ಲಿ ನಾಯಕರು ಅಳುವುದಿಲ್ಲ. ಮುದುಕರು ಅವಳ ಕಡೆ ನೋಡಲಿಲ್ಲ.

"ಅತ್ತಿದ್ದು ಒಂದೇ ಸಲ. ಮಗಳು ಹುಟ್ಟಿದ್ಳು ಅಂತ ಸುದ್ದಿ ಬಂದ ದಿನ."

ಅದನ್ನು ಕೇಳಿ ಹಲ್ಲಿಲ್ಲದ ಹುಡುಗಿಗೆ ಸಿಟ್ಟು ಬಂತು. "ಹಾಗಾದ್ರೆ ಬೀಗ ಹಾಕಿದವನು ರಾಕ್ಷಸ!" ಎಂದು ಗುಂಡನತ್ತ ಬೆರಳು ಮಾಡಿದಳು. "ರಾಕ್ಷಸ! ರಾಕ್ಷಸ!" ಎಂದು ಉಳಿದವರೂ ದನಿಗೂಡಿಸಿದರು. ಎರೇಸರ್ ಒಂದು ಹಾರಿ ಬಂದು ಗುಂಡನ ಟೋಪಿ ಬೀಳಿಸಿತು. ಅವನ ಮುಖ ಊದಿ, ಕಣ್ಣಲ್ಲಿ ನೀರು ತುಂಬಿತು.

"ನಾನು ಕಾವಲುಗಾರ ಆಗಲ್ಲ ಮಿಸ್. ನಾನು ಒಳ್ಳೆಯವನು."

ಮುಖ್ಯೋಪಾಧ್ಯಾಯಿನಿ ಗಂಟಲು ಸರಿಮಾಡಿಕೊಂಡರು. ಇನ್ನು ಬಾಯಿಪಾಠವೇ ಗತಿ ಎಂದುಕೊಂಡಳು ಶಿಕ್ಷಕಿ.

ಆಗ ಸರಳುಗಳ ನಡುವಿನಿಂದ ಮುದುಕರ ಕೈ ಹೊರಬಂತು. "ಇಲ್ಲಿ ಬಾ ಮರಿ. ಅಳಬೇಡ. ನೀನು ಹೋಗಿಬಿಟ್ರೆ ನನ್ನ ಜೊತೆ ಮಾತಾಡೋರು ಯಾರು?"

ಗುಂಡ ಮೂಗೆಳೆಯುತ್ತ ಹತ್ತಿರ ಬಂದ. "ನಿಮಗೆ ನನ್ನ ಮೇಲೆ ಕೋಪ ಇಲ್ವಾ?"

ಮುದುಕರು ಗುಂಡನ ಟೋಪಿಯಿಲ್ಲದ ತಲೆ ಸವರುತ್ತ ಕುಳಿತರು. ಮಾತು ಮರೆತರೇನೋ ಎಂದು ಶಿಕ್ಷಕಿ ಉಗುರು ಕಚ್ಚಿಕೊಂಡಳು.

"ಬಿಡುಗಡೆಯಾದ ದಿನ ಅವರು ಹೊರಗೆ ಬಂದು, ಮೊದಲು ಕೈ ಕುಲುಕಿದ್ದು ಕಾವಲುಗಾರನದ್ದೇ. 'ಮನೇಲಿ ಎಲ್ಲ ಚೆನ್ನಾಗಿದ್ದಾರಾ' ಅಂತ ಕೇಳಿ ಹೋದ್ರು."

"'ಹೋದೆ' ಅನ್ನಿ!" ಎಂದಳು ಶಿಕ್ಷಕಿ.

ಗುಂಡ ಸರಳುಗಳ ನಡುವೆ ಕೈ ತೂರಿಸಿದ. ಮುದುಕರು ಆ ಪುಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ತರಗತಿ ಚಪ್ಪಾಳೆ ತಟ್ಟಿತು. ಹಲ್ಲಿಲ್ಲದ ಹುಡುಗಿ ಟೋಪಿಯನ್ನು ಎತ್ತಿ ಧೂಳು ಕೊಡವಿ ಗುಂಡನ ತಲೆಗೆ ಇಟ್ಟಳು. ಆಮೇಲೆ ಎಲ್ಲರಿಗೂ ಕಾವಲುಗಾರರೇ ಆಗಬೇಕೆನಿಸಿತು. ಆ ಗದ್ದಲದಲ್ಲಿ ಮುದುಕರು ಯಾವಾಗ ಹೊರಟುಹೋದರೋ ಯಾರೂ ನೋಡಲಿಲ್ಲ.

"ವಾರಕ್ಕೊಂದು ಚಟುವಟಿಕೆ ಇರಲಿ," ಎಂದರು ಮುಖ್ಯೋಪಾಧ್ಯಾಯಿನಿ, ಕನ್ನಡಕ ಒರೆಸಿಕೊಳ್ಳುತ್ತ. "ಆ ನಟ ಮಾತ್ರ ಎಂಥ ಅಭಿನಯ!"

ಆಗಲೇ ಪೊದೆ ಮೀಸೆಯ ಒಬ್ಬ ಮನುಷ್ಯ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. "ಕ್ಷಮಿಸಿ ಮೇಡಂ, ಬಸ್ಸು ದಾರೀಲಿ ಕೈಕೊಡ್ತು. ನಾಟಕ ಕಂಪನಿಯಿಂದ ಬಂದಿದ್ದೀನಿ."

ಶಿಕ್ಷಕಿಯೂ ಮುಖ್ಯೋಪಾಧ್ಯಾಯಿನಿಯೂ ಮುಖ ಮುಖ ನೋಡಿಕೊಂಡರು. ಹಾಡು, ಜಿರಳೆ, ಮಗಳು ಹುಟ್ಟಿದ ಸುದ್ದಿ. ಯಾವ ಪುಸ್ತಕದಲ್ಲೂ ಇಲ್ಲದ, ನಾಯಕರ ಜೊತೆ ಜೈಲಲ್ಲಿದ್ದವರಿಗಷ್ಟೇ ಗೊತ್ತಿರುವ ಮಾತುಗಳು.

"ಅಯ್ಯೋ, ಅಂಥ ಹೋರಾಟಗಾರರಿಗೆ ಹತ್ತಿ ಅಂಟಿಸಿಬಿಟ್ಟೆನಲ್ಲ!" ಎಂದು ಶಿಕ್ಷಕಿ ತಲೆ ಚಚ್ಚಿಕೊಂಡಳು. ಶಾಲಾ ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು ಹೊದಿಸುವುದೆಂದು ಮುಖ್ಯೋಪಾಧ್ಯಾಯಿನಿ ನಿಂತಲ್ಲೇ ತೀರ್ಮಾನಿಸಿದರು. ಅವರು ಯಾರು, ಎಲ್ಲಿಯವರು ಎಂಬುದಷ್ಟೇ ಬಾಕಿ.

ಮಧ್ಯಾಹ್ನ, ಅಂದು ಬಾರದಿದ್ದ ಒಬ್ಬ ಹುಡುಗಿಯ ತಾಯಿಯ ಫೋನು ಬಂತು. "ಮಗೂಗೆ ಜ್ವರ ಮಿಸ್. ಹೇಳಿ ಬನ್ನಿ ಅಂತ ಮಾವನವರನ್ನ ಕಳಿಸಿದ್ದೆ. ಹೇಳಿದ್ರೋ ಇಲ್ವೋ, ವಾಪಸ್ ಬಂದಾಗಿನಿಂದ ಒಬ್ಬರೇ ನಗ್ತಾ ಕೂತಿದ್ದಾರೆ."

"ನಿಮ್ಮ ಮಾವನವರಾ!" ಶಿಕ್ಷಕಿ ಕುರ್ಚಿಯಿಂದ ಎದ್ದೇಬಿಟ್ಟಳು. "ನಾಯಕರ ಜೊತೆ ಅದೇ ಜೈಲಲ್ಲಿ ಇದ್ದವರು ಅಂತ ಒಂದು ಮಾತು ಹೇಳಬಾರದಿತ್ತಾ?"

"ಇದ್ದದ್ದೇನೋ ನಿಜ, ಮಿಸ್. ಆದ್ರೆ ಒಳಗಲ್ಲ. ಬೀಗ ಹಾಕ್ತಿದ್ದವರು ಅವರೇ."