ಕರಡಿಗೆಯೊಳಗಿನ ಎಸಳು

ಒಂದು ಮನೆಯ ಪೂಜೆಯ ಗುಟ್ಟು ಇದು. ಹೊರಗೆ ಹೇಳಬಾರದಿತ್ತು ಎನ್ನುವವರ ಮಾತೂ ಸರಿಯೇ, ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ.

ಉದಗೀರದ ದವಾಖಾನೆಯಲ್ಲಿ ಕಸ್ತೂರಬಾಯಿ ಓಲೆ, ಮೂಗುಬಟ್ಟು, ತಾಳಿ ಎಲ್ಲ ಬಿಚ್ಚಿ ಗಂಡನ ಕೈಗಿಟ್ಟಳು. ಕೊರಳಲ್ಲಿದ್ದ, ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದು ಕುರ್ಚಿಯಿಂದ ಎದ್ದಳು.

"ಇದು ತೆಗಿಯಂಗಿಲ್ಲ. ನಡೀರಿ, ಊರಿಗಿ ಹೋಗೂಣು."

ಗಂಡ ನೀಲಕಂಠ ಬಾಗಿಲಿಗೆ ಅಡ್ಡ ನಿಂತ. ಹೆಂಡತಿಗೆ ಖಿನ್ನತೆ ಹಿಡಿದು ಎಂಟು ತಿಂಗಳು. ಎರಡು ಬಗೆಯ ಗುಳಿಗೆಯೂ ನಾಟಿರಲಿಲ್ಲ. ತಲೆಗೆ ಅಯಸ್ಕಾಂತದ ಸುರುಳಿ ಆನಿಸಿ ಮಿದುಳನ್ನು ತಟ್ಟುವ ಈ ಯಂತ್ರದಿಂದ ಗುಣವಾದೀತು ಎಂದು ಡಾಕ್ಟರು ಹೇಳಿದ್ದರು.

"ತಲಿ ಹತ್ರ ಲೋಹ ಇರಬಾರದರಿ, ಆಯಿ," ಎಂದಳು ಯಂತ್ರ ನಡೆಸುವ ಕಾಜಲ. "ಕಾಕಾ, ಯಂತ್ರ ಹಚ್ಚೂದು ಆಯಿಗಿ, ನೀವ್ಯಾಕ ಬೆವರ್ಲಕತ್ತೀರಿ?"

ನೀಲಕಂಠ ನಗಲಿಲ್ಲ. ಹೆಂಡತಿಗೆ ತಗ್ಗಿದ ದನಿಯಲ್ಲಿ ಹೇಳಿದ: "ಬೆಳ್ಳಿ ಇರೂದು ಡಬ್ಬೀಗಿ. ಲಿಂಗ ನೀನೇ ತಗೊಂಡು ಅಂಗೈಯಾಗ ಹಿಡ್ಕೊ. ಮೈ ಬಿಟ್ಟು ಹೋಗಂಗಿಲ್ಲ."

"ಬ್ಯಾಡ್ರಿ. ಅದು ತೆರೀಬ್ಯಾಡ್ರಿ."

ಮೈಲಿಗೆಯ ಭಯ ಇರಬೇಕು ಎಂದುಕೊಂಡು ಅವನೇ ಮುಚ್ಚಳ ತೆಗೆದ. ದಿನಾ ಪೂಜೆ ಮುಗಿಸಿ ಬಿಲ್ವಪತ್ರಿಯ ಒಂದು ಹೊಸ ಎಸಳನ್ನು ಲಿಂಗದ ಕೆಳಗಿಡುವುದು ಕಸ್ತೂರಬಾಯಿಯ ರೂಢಿ. ಅವಳು ಲಿಂಗ ಎತ್ತಿಕೊಂಡ ಮೇಲೆ ತಳದಲ್ಲಿ ಕಂಡದ್ದು ಕಂದು ಬಣ್ಣದ ಚೂರು. ಬೆರಳು ತಾಗಿದ್ದೇ ಪುಡಿಯಾಯಿತು. ಇವಳ ಪೂಜೆ ಮುಗಿದ ಮೇಲೆಯೇ ಅವನು ದಿನಾ ರೊಟ್ಟಿ ಮುರಿಯುತ್ತಿದ್ದ.

ಕಸ್ತೂರಬಾಯಿ ಗೋಡೆ ನೋಡುತ್ತ ಅಂದಳು: "ಪೂಜಿಗಿ ಕೈ ಏಳಲಿಲ್ಲರಿ. ಬಾಗಲಾ ಹಾಕ್ಕೊಂಡು ಸುಮ್ನ ಕುಂದ್ರತಿದ್ದೆ."

ಅವನು ಏನೂ ಕೇಳಲಿಲ್ಲ. ಪುಡಿಯನ್ನು ಉಫ್ ಎಂದು ಊದಿದ. ಲಿಂಗದ ಮೇಲೆ ಅವಳ ಎಡಗೈ ಬೆರಳು ಮಡಿಸಿ, ತನ್ನ ಹೆಗಲ ವಸ್ತ್ರವನ್ನು ಸುತ್ತಿದ. ಕಾಜಲ ತಲೆಯ ಮೇಲೆ ಸುರುಳಿ ಸರಿಸುತ್ತ, ಹೆಬ್ಬೆರಳು ಜಿಗಿಯುವ ಜಾಗ ಹುಡುಕಿದಳು. ಟಕ್ ಎಂದಾಗ ಬಲಗೈಯ ಹೆಬ್ಬೆರಳು ತಾನಾಗಿ ಜಿಗಿಯಿತು. ಎಡಗೈ ಅಲುಗಲಿಲ್ಲ.

ಅಂದಿನಿಂದ ದಿನಾ ತಮ್ಮೂರು ಶಿರೂರ ಅನಂತಪಾಳದಿಂದ ಉದಗೀರಕ್ಕೆ ಬಸ್ಸು. ಲಿಂಗ ಅವಳ ಅಂಗೈಯಲ್ಲಿ, ಬರಿದಾದ ಕರಡಿಗೆ ಅವನ ಕೈಯಲ್ಲಿ. ಹದಿನಾಲ್ಕನೆಯ ದಿನ ಅದು ಬರಿದಿರಲಿಲ್ಲ. ತಳದಲ್ಲಿ ಒಂದು ಎಸಳು, ಇನ್ನೂ ಹಸಿ. ಇಟ್ಟದ್ದು ಅವನಲ್ಲ.

"ಆಯಿ, ಫರಕ್ ಏನರ ಅನಸ್ತದೇನು?" ಕಾಜಲ ಕಾಗದ ಹಿಡಿದು ಕೇಳಿದಳು.

"ಏನಿಲ್ಲವ್ವ. ಹಂಗೇ ಅದ."

ಕಾಜಲ ಹಾಗೆಯೇ ಬರೆದುಕೊಂಡಳು. ನೀಲಕಂಠ ಟಕಟಕ ಮುಗಿಯುವವರೆಗೂ ಕರಡಿಗೆಯ ಮೇಲೆ ಅಂಗೈ ಮುಚ್ಚಿ ಕೂತ, ಎಸಳಿಗೆ ಗಾಳಿ ತಾಗದಂತೆ.

ಅವಳು ಮತ್ತೆ ಎಸಳಿಟ್ಟದ್ದು ಯಂತ್ರದ ಕೆಲಸವೋ, ಅಂದು ಅವನು ಏನೂ ಕೇಳದೆ ಉಳಿದದ್ದರ ಫಲವೋ, ನಾಳೆಯೂ ಎಸಳು ಇರುತ್ತದೋ, ಅವನಿಗೆ ಗೊತ್ತಿರಲಿಲ್ಲ. ಹೇಳುತ್ತಿರುವವರಿಗೂ ಗೊತ್ತಿಲ್ಲ.