ಬ್ಯಾಂಕಾಕಿನಲ್ಲಿ ಮೂರು ದಿನ

"ಏರ್‌ಪೋರ್ಟಿಂದ ಟ್ಯಾಕ್ಸಿ ಹಿಡಿಯೋದು ಬೇಡ, ರೈಲಿದೆ. ರೂಮು ನದಿ ದಡದಲ್ಲೇ ಬೇಕು ಅಂತ ಹಟ ಹಿಡಿಬಾರದು. ಎರಡು ಬೀದಿ ಹಿಂದೆ ಹೋದ್ರೆ ಅರ್ಧಕ್ಕರ್ಧ ಕಡಿಮೆ."

ಗಂಡ ಹೇಳುತ್ತಿದ್ದರೆ ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಅವನ ಬಾಯಿಯನ್ನೇ ನೋಡಿದಳು. ಲಿಫ್ಟ್ ರಿಪೇರಿಯವನು. ತರಕಾರಿಗೆ ಕಳಿಸಿದರೆ ಅಂಗಡಿ ಮುಂದೆ ನಿಂತು ‘ಬದನೆಕಾಯಿ ಉದ್ದಂದೋ ಗುಂಡಂದೋ’ ಎಂದು ಫೋನ್ ಮಾಡುವ ಆಸಾಮಿ. ಅಂಥವನು ಬ್ಯಾಂಕಾಕನ್ನು ಹುಟ್ಟಿ ಬೆಳೆದ ಊರಿನಂತೆ ವರ್ಣಿಸುತ್ತಿದ್ದ. ಅವಳಿಗೆ ಒಳಗೊಳಗೇ ಹೆಮ್ಮೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಜೊತೆಯವರು ಎಲ್ಲೆಲ್ಲೋ ಸುತ್ತಿ ಬಂದು ಫೋಟೊ ತೋರಿಸಿದಾಗಲೆಲ್ಲ ‘ಚೆನ್ನಾಗಿದೆ’ ಅಂದು ಅಂದು ಅವಳ ಬಾಯಿ ಒಣಗಿತ್ತು. ಮದುವೆಯಾಗಿ ಎರಡು ವರ್ಷದ ಮೇಲೆ ಈಗ ತನ್ನ ಸರದಿ. ತನಗೋಸ್ಕರ ಈ ಮನುಷ್ಯ ಎಷ್ಟೆಲ್ಲ ತಿಳಿದುಕೊಂಡಿದ್ದಾನೆ!

"ಊರೊಳಗೆ ಓಡಾಡೋಕೆ ದೋಣಿ," ಎಂದ ಗಂಡ. "ಟ್ರಾಫಿಕ್ಕಿನ ಕಾಟ ಇಲ್ಲ."

ಭಾನುವಾರವೆಂದು ಅಣ್ಣನ ಮನೆಗೆ ಬಂದಿದ್ದ ನಾದಿನಿ ಟೀ ಲೋಟ ಕೆಳಗಿಟ್ಟು ನಕ್ಕಳು. "ದೋಣಿ ಅಂದ್ರೆ ಟೂರಿಸ್ಟ್ ದೋಣಿ ಅಲ್ಲ ಕಣೋ, ಊರಿನವರು ಹತ್ತೋ ದೋಣಿ. ಅತ್ತಿಗೆ ಎಷ್ಟು ಸಲ ಹೇಳಿಲ್ಲ!"

"ನಾನಾ? ಯಾವಾಗ?" ಎಂದಳು ಹೆಂಡತಿ.

ನಾದಿನಿ ತುಟಿ ಕಚ್ಚಿಕೊಂಡಳು. ಗಂಡ ಗೋಡೆ ನೋಡಿದ. ಈ ಮನೆಯಲ್ಲಿ ‘ಅತ್ತಿಗೆ’ ಅನ್ನಿಸಿಕೊಂಡವಳು ತಾನೊಬ್ಬಳೇ ಅಲ್ಲ ಎಂಬುದು ಹೆಂಡತಿಗೆ ಆಗ ನೆನಪಾಯಿತು. ನಾದಿನಿಗೆ ಇದ್ದಕ್ಕಿದ್ದಂತೆ ಮನೆಗೆಲಸ ನೆನಪಾಗಿ, ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಳ್ಳದೆಯೇ ಹೊರಟುಹೋದಳು.

ಸವತಿಯನ್ನು ಮಣ್ಣಲ್ಲಿ ಮಾಡಿಟ್ಟರೂ ಸವತಿಯೇ ಎಂದು ಹೆಂಡತಿಯ ಅಜ್ಜಿ ಹೇಳುತ್ತಿದ್ದುದುಂಟು. ಬದುಕಿರುವವಳಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ತೀರಿಕೊಂಡವಳನ್ನು ಎಲ್ಲಿ ಹುಡುಕಿ ಬೈಯುವುದು? ಇಷ್ಟು ದಿನ ಮೊದಲಿನವಳು ಕೊಂಡ ಪಾತ್ರೆಯಲ್ಲಿ ಅಡುಗೆ ಮಾಡಿದ್ದಳು. ಮೊದಲಿನವಳು ಆರಿಸಿದ ಪರದೆಯನ್ನು ಒಗೆದು ಅದೇ ಕಿಟಕಿಗೆ ಹಾಕಿದ್ದಳು. ಒಂದು ದಿನವೂ ಮುಖ ಸಿಂಡರಿಸಿರಲಿಲ್ಲ. ಆದರೆ ಈ ಮೂರು ದಿನ ತನ್ನದೆಂದು ತಿಳಿದಿದ್ದಳು. ಇನ್ನೂ ಕಾಣದ ಊರು, ಇನ್ನೂ ಹತ್ತದ ದೋಣಿ, ಅದೂ ಎಂಜಲಾಗಿತ್ತು.

"ಅವಳ ಜೊತೆ ಹೋಗಿದ್ರಾ?"

"ಇಲ್ಲ. ಹೊರಡಬೇಕು ಅನ್ನೋಷ್ಟರಲ್ಲಿ ಅವಳಿಗೆ ಕಾಯಿಲೆ ಬಂತಲ್ಲ. ಹಾಸಿಗೆ ಹಿಡಿದ ಮೇಲೆ ದಿನಾ ಇದೇ ಮಾತು. ಎಲ್ಲಿ ಇಳಿಯೋದು, ಏನು ನೋಡೋದು, ಎಲ್ಲಿ ದುಡ್ಡು ಉಳಿಸೋದು. ಹೋಗಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

"ಹೋಗೋದೇ ಇಲ್ಲ ಅಂದ್ಮೇಲೆ ಎರಡು ಬೀದಿ ಹಿಂದೆ ಯಾಕೆ? ನದಿ ದಡದಲ್ಲೇ ದೊಡ್ಡ ಹೋಟೆಲ್ ಹಿಡೀಬಹುದಿತ್ತಲ್ಲ?" ಅವಳ ದನಿಯಲ್ಲಿ ಕೊಂಕಿತ್ತು.

"ನಾನೂ ಅದನ್ನೇ ಅಂದೆ. ಬೈದಳು. ‘ನಿಮ್ಮ ಸಂಬಳಕ್ಕೆ ಆಗೋ ಹಾಗಿರಬೇಕು, ಇಲ್ಲದಿದ್ರೆ ಅದು ಬರೀ ಕನಸು’ ಅಂದ್ಲು."

ಹೆಂಡತಿಗೆ ಅಳು ಬರುವಂತಾಯಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಸಾಯುವವಳು ಸುಮ್ಮನೆ ಸಾಯಬಾರದಿತ್ತೇ? ತನ್ನ ಗಂಡನ ಸಂಬಳವನ್ನು ಇಷ್ಟು ಪ್ರೀತಿಯಿಂದ ಲೆಕ್ಕ ಹಾಕಬೇಕಿತ್ತೇ? ತನಗೆ ಹಾಗೆ ಹೇಳಲು ಎಂದಾದರೂ ತೋಚುತ್ತಿತ್ತೇ?

"ತಪ್ಪಾಯ್ತು," ಎಂದ ಗಂಡ. "ನಿನಗೂ ಒಂದು ಊರು ತೋರಿಸ್ಬೇಕು ಅನ್ನಿಸ್ತು. ನನಗೆ ಗೊತ್ತಿರೋದು ಇದೊಂದೇ ಊರು. ಬಿಡು, ಬೇರೆ ಕಡೆ ಹೋಗೋಣ."

"ಎಲ್ಲಿಗೆ?"

ಅವನು ತಲೆ ಕೆರೆದುಕೊಂಡ. ಒಂದು ಹೆಸರೂ ಬಾಯಿಗೆ ಬರಲಿಲ್ಲ.

"ಬೇಡ, ಅಲ್ಲಿಗೇ ಹೋಗೋಣ," ಎಂದಳು ಹೆಂಡತಿ. "ನಾವು ಬೇರೆ ಕಡೆ ಹೋದ್ರೆ ಆ ಊರು ಪೂರ್ತಿ ಅವಳದ್ದೇ ಆಗ್ಬಿಡತ್ತೆ. ರೈಲು, ದೋಣಿ ಎಲ್ಲ ನಾನೂ ನೋಡ್ತೀನಿ. ರೂಮು ಮಾತ್ರ ಎರಡಲ್ಲ, ಮೂರು ಬೀದಿ ಹಿಂದೆ ಹಿಡೀರಿ. ಉಳಿಸೋದು ನನಗೂ ಗೊತ್ತು."

ಗಂಡ ನಗಬೇಕೋ ಬೇಡವೋ ತಿಳಿಯದೆ ಸುಮ್ಮನೆ ತಲೆಯಾಡಿಸಿದ.

ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಯತ್ತ ನಡೆದಳು. ಬಾಗಿಲಲ್ಲಿ ನಿಂತು, ತಿರುಗದೆಯೇ ಕೇಳಿದಳು. "ಎಲ್ಲಕ್ಕಿಂತ ಹೆಚ್ಚಾಗಿ ಅವಳು ಅಲ್ಲಿ ಏನು ನೋಡ್ಬೇಕು ಅಂತಿದ್ಲು?"

ಗಂಡ ಹೇಳಿದ. "ಹೊತ್ತು ಮುಳುಗೋವಾಗ ನದಿಯ ಈ ದಡದಲ್ಲಿ ಕೂತು ಆ ದಡದ ದೇವಸ್ಥಾನ ನೋಡ್ಬೇಕು ಅಂತಿದ್ಲು. ಸುಮ್ನೆ ಕೂತು ನೋಡೋಕೆ ಯಾರಿಗೂ ದುಡ್ಡು ಕೊಡ್ಬೇಕಾಗಿಲ್ಲ ಅಂತ."

"ಹಾಗಾದ್ರೆ ಒಂದು ಸಂಜೆ ನಾನು ರೂಮಲ್ಲೇ ಇರ್ತೀನಿ. ನೀವು ಅಲ್ಲಿಗೆ ಹೋಗಿ ಬನ್ನಿ."

"ನಿನ್ನ ಬಿಟ್ಟು ಒಬ್ಬನೇ ಹೋಗಿ ಏನು ಮಾಡ್ಲಿ?"

"ಹೋಗೋವಾಗ ನೀವಿಬ್ಬರೂ ಹೋಗಿ," ಎಂದಳು ಹೆಂಡತಿ. "ಬರೋವಾಗ ಮಾತ್ರ ಒಬ್ಬರೇ ಬನ್ನಿ."