ಪೈಲಟ್‌ನ ಮುಖ

ವಸ್ತುಸಂಗ್ರಹಾಲಯದ ಹಳೆಯ ಟಪಾಲು ವಿಮಾನದಲ್ಲಿ, ಅಂಚೆ ಚೀಲಗಳ ಮುಂದೆ, ಪೈಲಟ್‌ನ ಗೊಂಬೆಯೊಂದು ಕೂತಿತ್ತು. ಕೆಲಸದವನು ಅದರ ತಲೆ ಒಡೆಯಲು ಸುತ್ತಿಗೆ ಹಿಡಿದು ಏಣಿ ಹತ್ತುತ್ತಿದ್ದಂತೆ ಮುದುಕಿಯೊಬ್ಬಳು ಓಡಿ ಬಂದು ಏಣಿಯನ್ನು ತಬ್ಬಿಕೊಂಡಳು.

"ಬೇಡ ಸ್ವಾಮಿ, ಆ ಮುಖ ಒಡೀಬೇಡಿ!"

"ಅದು ತಪ್ಪು ಮುಖ ಕಣಮ್ಮ," ಎಂದರು ಕೆಳಗೆ ನಿಂತಿದ್ದ ವಸ್ತುಸಂಗ್ರಹಾಲಯದ ಅಧಿಕಾರಿ. "ಅಸಲಿ ಪೈಲಟ್‌ನ ಫೋಟೋ ಈಗ ಸಿಕ್ಕಿದೆ. ಹೊಸ ತಲೆ ಕೂರಿಸಬೇಕು. ಹಳೇದನ್ನ ಮೈ, ತಲೆ ಎರಡೂ ಸೇರಿಸಿ ಒಟ್ಟಿಗೇ ಎರಕ ಹೊಯ್ದಿದ್ದಾರೆ, ಒಡೀದೆ ಬರಲ್ಲ."

"ಇದೇ ಸರಿಯಾದ ಮುಖ. ನಾನು ಆ ಪೈಲಟ್ ಮನೆ ಕಡೆಯವಳು, ನಂಗೊತ್ತಿಲ್ವಾ?"

ಅಧಿಕಾರಿ ಫೋಟೋ ಚಾಚಿದರು. ದಪ್ಪ ಮೀಸೆಯ, ಬೊಕ್ಕತಲೆಯ ಮನುಷ್ಯ. ಗೊಂಬೆಗೋ ಮೀಸೆ ಆಗಷ್ಟೇ ಚಿಗುರುತ್ತಿತ್ತು.

ಮುದುಕಿ ಏಣಿಯನ್ನು ಬಿಡಲಿಲ್ಲ. "ಸುಳ್ಳು ಹೇಳಿದೆ, ತಪ್ಪಾಯ್ತು. ಆ ಗೊಂಬೆ ಮಾಡಿದ್ದು ನಮ್ಮ ಯಜಮಾನ್ರು. ಪೈಲಟ್‌ದು ಫೋಟೋ ಇಲ್ಲ, ಯಾವುದೋ ಒಂದು ಮುಖ ಮಾಡು ಅಂದಿದ್ರಂತೆ ಆಗಿನ ಸಾಹೇಬ್ರು."

ಅಧಿಕಾರಿಯ ದನಿ ಮೆತ್ತಗಾಯಿತು. "ಈಗ ಅವರಿಲ್ವಾ?"

"ಇಲ್ಲ."

"ಅವರ ನೆನಪಿಗೆ ಅಂತ ಇದು ಬೇಕೇನಮ್ಮ? ಮನೇಲಿ ಅವರ ಫೋಟೋ ಇರುತ್ತಲ್ಲ?"

"ಅವರದ್ದಿದೆ ಸ್ವಾಮಿ. ನನ್ನ ಮಗಂದೇ ಒಂದೂ ಇಲ್ಲ. ಸಂಕಟ ತಡೀಲಾರದೆ ಅವನ ಫೋಟೋನೆಲ್ಲಾ ಅವನ ಚಿತೆಗೇ ಹಾಕಿ ಬಂದ ಮೇಲೇನೇ ಅವರು ಈ ಮುಖ ಮಾಡಿದ್ದು."